ಅಲೈನ್‌ಮೆಂಟ್ ಖಾನೆ ತುಂಬುವ ಮೊದಲು ನಿಮ್ಮ ಪಾತ್ರವನ್ನು ತೂಬಿನ ಮುಂದೆ ನಿಲ್ಲಿಸಿ

ಭಾನುವಾರ ಬೆಳಿಗ್ಗೆ ತುಮಕೂರಿನ ನಮ್ಮ ಮನೆ ಮಹಡಿ ಮೇಲೆ ಐದಾರು ಜನ ಸೇರುತ್ತೇವೆ. ಕ್ಯಾತ್ಸಂದ್ರದ ಕಡೆಯಿಂದ ಬರುವವನು ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತಾನೆ. ಅದು ಖಾಲಿಯಾದ ಮೇಲೆ ದಾಳಗಳು ಹೊರಗೆ ಬರುತ್ತವೆ. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಮುಂದುವರಿಸುವ ಆಟ. ಕಥೆ ನಡೆಸುವ ಡಿಎಂ ಕೆಲಸ ಬಹಳ ಸಲ ನನ್ನ ತಲೆಗೇ ಬರುತ್ತದೆ.

ಹೊಸಬರು ಬಂದಾಗಲೆಲ್ಲ ಒಂದು ವಿಷಯ ನೋಡಿದ್ದೇನೆ. ಹೆಸರು, ಕುಲ, ಕಸುಬು, ಕತ್ತಿ, ಬಿಲ್ಲು ಎಲ್ಲಾ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಅಲೈನ್‌ಮೆಂಟ್ ಅನ್ನುವ ಖಾನೆಗೆ, ಅಂದರೆ ಪಾತ್ರದ ನೀತಿ ಸ್ವಭಾವ ಬರೆಯುವ ಜಾಗಕ್ಕೆ, ಬಂದಾಗ ಪೆನ್ನು ನಿಲ್ಲುತ್ತದೆ. ಆಮೇಲೆ ಎರಡರಲ್ಲಿ ಒಂದು. ಮನೆಯಲ್ಲಿ ಒಳ್ಳೆಯವರು ಅನ್ನಿಸಿಕೊಂಡವರು 'ಲಾಫುಲ್ ಗುಡ್' (ಕಟ್ಟುಪಾಡು ಬಿಡದ ಒಳ್ಳೆಯವರು) ಅಂತ ಬರೆದು ಮುಂದಕ್ಕೆ ಹೋಗುತ್ತಾರೆ. ಸ್ವಲ್ಪ ತರಲೆಗಳು 'ಕೇಯಾಟಿಕ್ ನ್ಯೂಟ್ರಲ್' ಅಂತ ಬರೆಯುತ್ತಾರೆ. 'ನಾನು ಏನು ಮಾಡಿದರೂ ಯಾರೂ ಕೇಳಬೇಡಿ' ಅನ್ನುವುದಕ್ಕೆ ಅದು ಇನ್ನೊಂದು ಹೆಸರು ಅಷ್ಟೆ.

ಎರಡರಿಂದಲೂ ನಮ್ಮ ಗುಂಪು ಪೆಟ್ಟು ತಿಂದಿದೆ. ಒಮ್ಮೆ ಕೇಯಾಟಿಕ್ ನ್ಯೂಟ್ರಲ್ ಕಳ್ಳನೊಬ್ಬ ರಾತ್ರಿ ಎಲ್ಲರೂ ಮಲಗಿದ್ದಾಗ ತನ್ನ ಗುಂಪಿನದೇ ಎತ್ತಿನ ಗಾಡಿ ಮಾರಿಬಿಟ್ಟ. ಲಾಫುಲ್ ಗುಡ್ ಪ್ಯಾಲಡಿನ್, ಅಂದರೆ ಪ್ರಮಾಣ ಮಾಡಿದ ಪವಿತ್ರ ಯೋಧ, ಅವನ ಕೈ ಕತ್ತರಿಸುತ್ತೇನೆ ಅಂತ ಎದ್ದ. ಆಟದೊಳಗಿನ ಜಗಳ ಮಹಡಿಯಿಂದ ಇಳಿದು ಬೀದಿಗೆ ಹೋಯಿತು. ಆ ಇಬ್ಬರು ಹದಿನೈದು ದಿನ ಮಾತಾಡಲಿಲ್ಲ. ಆಮೇಲೆ ಹೊಸ ಪಾತ್ರ ಮಾಡುವಾಗ ಈ ಖಾನೆಯನ್ನು ಕೊನೆಗೆ ತುಂಬಿಸಲು ಶುರು ಮಾಡಿದೆ. ಅದಕ್ಕೂ ಮೊದಲು ಏನೇನು ಮಾಡಿಸುತ್ತೇನೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು: ಯಾವ ನಿಯಮದಲ್ಲಿ ಆಡುತ್ತಿದ್ದೀರಿ ಅಂತ ಕೇಳಿ

ಈ ಖಾನೆಯ ತೂಕ ಎಲ್ಲಾ ಕಾಲದಲ್ಲೂ ಒಂದೇ ಇರಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಮೊದಲ ಆಟ ಬಂದಾಗ ಇದ್ದದ್ದು ಮೂರೇ ಮೂರು: ಲಾ (ಕಟ್ಟುಪಾಡು), ನ್ಯೂಟ್ರಾಲಿಟಿ (ನಡು), ಕೇಯಾಸ್ (ಕಟ್ಟುಪಾಡಿಲ್ಲದ್ದು). ಅದು ಸ್ವಭಾವಕ್ಕಿಂತ ಜಾಸ್ತಿ ಪಕ್ಷದ ಲೆಕ್ಕ. ಯುದ್ಧ ಬಂದರೆ ನೀನು ಯಾರ ಕಡೆ ಅನ್ನುವ ಹಾಗೆ. ಒಳ್ಳೆಯದು, ಕೆಟ್ಟದ್ದು ಅನ್ನುವ ಇನ್ನೊಂದು ಗೆರೆ ಸೇರಿ, 1978ರ ಆಟಗಾರರ ಕೈಪಿಡಿಯಲ್ಲಿ ಇವತ್ತಿನ ಮೂರು ಮೂರಲೆ ಒಂಬತ್ತು ಮನೆಗಳು ಕಾಣುತ್ತವೆ.

ಆ ಕಾಲದ ನಿಯಮ ಬಿಗಿ. ಪ್ಯಾಲಡಿನ್ ಆಗಬೇಕಾದರೆ ಲಾಫುಲ್ ಗುಡ್ ಆಗಿರಲೇಬೇಕು, ದಾರಿ ತಪ್ಪಿದರೆ ಶಕ್ತಿ ಹೋಗುತ್ತದೆ. ಡ್ರೂಯಿಡ್ (ಪ್ರಕೃತಿಯ ಪೂಜಾರಿ) ಆಗಬೇಕಾದರೆ ಅಪ್ಪಟ ನ್ಯೂಟ್ರಲ್. ಪ್ರತಿ ಅಲೈನ್‌ಮೆಂಟಿಗೂ ಅದರದ್ದೇ ಗುಟ್ಟಿನ ಭಾಷೆ ಬೇರೆ ಇತ್ತು! ಒಳ್ಳೆಯವರು ಒಳ್ಳೆಯವರ ಹತ್ತಿರ ಮಾತಾಡಲು ಒಂದು ಭಾಷೆ. ಅದು ಹೋಗಿದ್ದೇ ಒಳ್ಳೆಯದಾಯಿತು ಬಿಡಿ.

2008ರ ನಾಲ್ಕನೇ ಆವೃತ್ತಿಯಲ್ಲಿ ಒಂಬತ್ತನ್ನು ಐದಕ್ಕೆ ಇಳಿಸಿದರು. 2014ರ ಐದನೇ ಆವೃತ್ತಿಯಲ್ಲಿ ಒಂಬತ್ತೂ ವಾಪಸ್ ಬಂದವು. ಆದರೆ ಈಗ ಅದನ್ನು ಬದಲಿಸಿದರೆ ದಂಡ ಅಂತ ಹೆಚ್ಚೇನೂ ಇಲ್ಲ. ಪ್ಯಾಲಡಿನ್‌ನನ್ನು ಹಿಡಿದಿಡುವುದು ಈಗ ಅವನು ಮಾಡಿದ ಪ್ರಮಾಣ. ಪಾತ್‌ಫೈಂಡರ್ ಅನ್ನುವ ಇದೇ ಬಗೆಯ ಇನ್ನೊಂದು ಆಟದವರು 2023ರ ಪರಿಷ್ಕೃತ ನಿಯಮಗಳಲ್ಲಿ ಅಲೈನ್‌ಮೆಂಟನ್ನೇ ತೆಗೆದುಹಾಕಿದರು. ಅದರ ಬದಲು ಈ ಪಾತ್ರ ಏನನ್ನು ಮಾಡಲೇಬೇಕು, ಏನನ್ನು ಮಾಡಲೇಬಾರದು ಅಂತ ಬರೆಸುತ್ತಾರೆ. ಈ ಎರಡನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ಮುಂದೆ ಅದಕ್ಕೇ ಬರುತ್ತೇನೆ.

ಹಾಗಾಗಿ ನಿಮ್ಮ ಡಿಎಂ ಹತ್ತಿರ ಎರಡು ಮಾತು ಕೇಳಿಕೊಳ್ಳಿ. ಯಾವ ಆವೃತ್ತಿ? ಈವಿಲ್, ಅಂದರೆ ಕೆಟ್ಟ, ಪಾತ್ರಗಳಿಗೆ ಅವಕಾಶ ಇದೆಯಾ? ಇಲ್ಲ ಅಂದರೆ ಒಂಬತ್ತರಲ್ಲಿ ಮೂರು ಅಲ್ಲೇ ಹೋಯಿತು.

ಧರ್ಮ ಅನ್ನುವ ಪದ ಸ್ವಲ್ಪ ಹೊತ್ತು ಪಕ್ಕಕ್ಕಿಡಿ

ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲೊಂದು ತೊಡಕಿದೆ. ಕೊಟ್ಟ ಮಾತು ಉಳಿಸಿಕೊಳ್ಳುವುದನ್ನೂ ನಾವು ಧರ್ಮ ಅನ್ನುತ್ತೇವೆ, ಹಸಿದವರಿಗೆ ಅನ್ನ ಹಾಕುವುದನ್ನೂ ಧರ್ಮ ಅನ್ನುತ್ತೇವೆ. ಆಟದಲ್ಲಿ ಇವು ಎರಡು ಬೇರೆ ಗೆರೆಗಳು. ನಮ್ಮ ಹುಡುಗರು ಕಣ್ಣು ಮುಚ್ಚಿ ಲಾಫುಲ್ ಗುಡ್ ಬರೆಯುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಒಂದು ಗೆರೆ ಕಟ್ಟುಪಾಡಿನದು. ಲಾಫುಲ್ ಅಂದರೆ ಸರ್ಕಾರದ ಕಾನೂನು ಪಾಲಿಸುವವರು ಅಂತಲ್ಲ. ಯಾವುದೋ ಒಂದು ಕಟ್ಟುಪಾಡಿಗೆ ತನ್ನನ್ನು ತಾನು ಕಟ್ಟಿಕೊಂಡವರು. ಅದು ಊರಿನ ಪದ್ಧತಿ ಇರಬಹುದು, ಗುರುವಿನ ಮಾತಿರಬಹುದು, ಕಳ್ಳರ ಗುಂಪಿನ ಒಳನಿಯಮವೂ ಇರಬಹುದು. ಕೇಯಾಟಿಕ್ ಅಂದರೆ ಹುಚ್ಚರಲ್ಲ. ಆ ಹೊತ್ತಿಗೆ ತನ್ನ ಮನಸ್ಸು ಏನು ಹೇಳುತ್ತದೋ ಅದನ್ನೇ ನಂಬುವವರು.

ಇನ್ನೊಂದು ಗೆರೆ ಬೇರೆಯವರ ನೋವಿನದು. ಗುರುತಿಲ್ಲದವರಿಗಾಗಿ ಕೈಯಿಂದ ಕಳೆದುಕೊಳ್ಳಲು ತಯಾರಿದ್ದರೆ ಗುಡ್. ತನಗೆ ಬೇಕಾದ್ದಕ್ಕಾಗಿ ಬೇರೆಯವರನ್ನು ತುಳಿಯಲು ಅಡ್ಡಿಯಿಲ್ಲ ಅಂದರೆ ಈವಿಲ್. ತುಳಿಯುವುದಕ್ಕೆ ಮನಸ್ಸು ಬಾರದು, ಆದರೆ ಗೊತ್ತಿಲ್ಲದವರಿಗಾಗಿ ಕಷ್ಟಪಡುವ ಹುಮ್ಮಸ್ಸೂ ಇಲ್ಲ ಅನ್ನುವವರು ನ್ಯೂಟ್ರಲ್. ನಮ್ಮಲ್ಲಿ ಬಹಳ ಜನ ಈ ನಡುವಿನವರೇ, ಅಲ್ವಾ?

ಎರಡು ಗೆರೆ ಬೇರೆ ಬೇರೆ ಅನ್ನುವುದಕ್ಕೆ ಮಹಾಭಾರತದ ಕಥೆಯೇ ಸಾಕು. ಭೀಷ್ಮ ಕೊನೆತನಕ ಪ್ರತಿಜ್ಞೆ ಬಿಡಲಿಲ್ಲ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಸುಮ್ಮನೆ ಕೂತಿದ್ದವನೂ ಅವನೇ. ಕೃಷ್ಣ ಆಯುಧ ಹಿಡಿಯುವುದಿಲ್ಲ ಅಂತ ಹೇಳಿ ಯುದ್ಧದ ನಡುವೆ ಚಕ್ರ ಎತ್ತಿಕೊಂಡು ಓಡಿದ. ಇಬ್ಬರನ್ನೂ ಒಂದೇ ಮನೆಯಲ್ಲಿ ಕೂರಿಸಲು ಆಗುವುದಿಲ್ಲ.

ತೂಬಿನ ಪರೀಕ್ಷೆ

ಇದು ನಾನು ಮಾಡಿಕೊಂಡದ್ದು. ಒಂಬತ್ತು ಮನೆಗಳ ವಿವರಣೆ ಓದಿಸುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ನಮ್ಮ ತುಮಕೂರು, ಕೋಲಾರದ ಕಡೆ ಹೊಳೆ ಕಡಿಮೆ, ಬದುಕು ಕೆರೆಯ ಮೇಲೆ ನಡೆದದ್ದು. ಕೆರೆ ನೀರು ತೂಬಿನಿಂದ ಅಚ್ಚುಕಟ್ಟಿಗೆ ಹರಿಯುತ್ತದೆ. ಯಾರ ಗದ್ದೆಗೆ ಯಾವಾಗ ಅಂತ ಸರದಿ. ಆ ಸರದಿ ನೋಡಿಕೊಂಡು ತೂಬು ತೆಗೆದು ಮುಚ್ಚುವವರು ನೀರುಗಂಟಿ. ಈಗ ಬೋರ್‌ವೆಲ್ ಬಂದು ಬಹಳ ಊರುಗಳಲ್ಲಿ ಆ ಕೆಲಸವೇ ನಿಂತಿದೆ. ಅಜ್ಜಿ ತಾತಂದಿರನ್ನು ಕೇಳಿದರೆ ಈಗಲೂ ಸರದಿ ಜಗಳದ ಕಥೆ ಹೇಳುತ್ತಾರೆ.

ಈಗ ನಿಮ್ಮ ಪಾತ್ರ ಒಂದು ರಾತ್ರಿಗೆ ನೀರುಗಂಟಿ ಅಂದುಕೊಳ್ಳಿ. ಯಕ್ಷಿಣಿ ಇರಲಿ, ಎಲ್ಫ್ ಇರಲಿ, ಕುಳ್ಳ ಇರಲಿ, ಪರವಾಗಿಲ್ಲ. ಬೇಸಿಗೆ. ಕೆರೆಯಲ್ಲಿ ನೀರು ತಳ ಸೇರಿದೆ. ಇವತ್ತು ರಾತ್ರಿ ಸರದಿ ಮೇಲಿನ ಗದ್ದೆಯ ಯಜಮಾನರದು. ಕೊನೆಯ ಗದ್ದೆಯ ಮುದುಕಿ ಲಾಟೀನು ಹಿಡಿದು ಬಂದು ನಿಂತಿದ್ದಾಳೆ. ಅವಳ ಸರದಿ ಮೂರು ದಿನ ಬಿಟ್ಟು. ಅಷ್ಟರಲ್ಲಿ ಪೈರು ಒಣಗುತ್ತದೆ. ತೂಬಿನ ಹತ್ತಿರ ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ನಿಮ್ಮ ಪಾತ್ರ ಏನು ಮಾಡುತ್ತದೆ?

ಹೆಚ್ಚು ಯೋಚಿಸಬೇಡಿ. ಬಾಯಿಗೆ ಬಂದದ್ದು ಹೇಳಿ. ಆಮೇಲೆ ನಾನು ಮನೆ ಹುಡುಕುತ್ತೇನೆ.

'ಸರದಿ ಮುರಿಯಲ್ಲ, ಆದರೆ ಈಗಲೇ ಹೋಗಿ ಊರ ಹಿರಿಯರನ್ನು ಎಬ್ಬಿಸುತ್ತೇನೆ, ಅವರು ಒಪ್ಪುವ ತನಕ ಬಾಗಿಲಲ್ಲೇ ಕೂರುತ್ತೇನೆ' ಅಂದರೆ ಲಾಫುಲ್ ಗುಡ್. ಇದನ್ನು ಗಮನಿಸಿ. ಲಾಫುಲ್ ಗುಡ್ ಅಂದರೆ ಮುಖ ಗಂಟು ಹಾಕಿಕೊಂಡು ಬುದ್ಧಿ ಹೇಳುವವರಲ್ಲ. ರಾತ್ರಿ ಎರಡು ಗಂಟೆಗೆ ಹಿರಿಯರ ಬೈಗುಳ ತಿನ್ನಲು ಹೋಗುವವರು. ಅಷ್ಟು ಕಷ್ಟ ತೆಗೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಆ ಖಾನೆಯಲ್ಲಿ ಅದನ್ನು ಬರೆಯಬೇಡಿ.

'ಒಂದು ಗಳಿಗೆ ನೀರು ಬಿಡುತ್ತೇನೆ, ಬೆಳಿಗ್ಗೆ ಯಜಮಾನರಿಗೆ ನಾನೇ ಹೋಗಿ ಹೇಳುತ್ತೇನೆ' ಅಂದರೆ ನ್ಯೂಟ್ರಲ್ ಗುಡ್. 'ಸರದಿ ಮಾಡಿದವರು ಯಾರು, ಮೇಲಿನ ಗದ್ದೆಯವರೇ ತಾನೆ? ತೆಗಿ ತೂಬು' ಅಂದರೆ ಕೇಯಾಟಿಕ್ ಗುಡ್.

'ಇಲ್ಲಜ್ಜಿ, ಇವತ್ತು ನಿನಗೆ ಬಿಟ್ಟರೆ ನಾಳೆ ಹತ್ತು ಜನ ಬರುತ್ತಾರೆ, ಆಮೇಲೆ ಸರದಿಯೇ ಇರಲ್ಲ' ಅನ್ನುವವರು ಲಾಫುಲ್ ನ್ಯೂಟ್ರಲ್. ಈ ಪಾತ್ರ ಕೆಟ್ಟದ್ದಲ್ಲ. ಆಡಿದರೆ ನೋಡುವವರ ಹೊಟ್ಟೆ ಕಿವುಚುತ್ತದೆ, ಯಾಕೆಂದರೆ ಅದು ಹೇಳುವುದರಲ್ಲಿ ನಿಜವಿದೆ. ನನ್ನ ಪ್ರಕಾರ ಒಂಬತ್ತರಲ್ಲಿ ಜನ ತೀರಾ ಕಡಿಮೆ ಬೆಲೆ ಕೊಟ್ಟ ಮನೆ ಇದು.

'ನನಗ್ಯಾಕೆ ಬೇಕು ಈ ಜಗಳ' ಅಂತ ಅತ್ತ ತಿರುಗಿ ಕೂರುವವರು, ಅಥವಾ ಅಜ್ಜಿ ತನ್ನ ನೆಂಟಳಾದರೆ ಮಾತ್ರ ತೂಬು ತೆಗೆಯುವವರು ಅಪ್ಪಟ ನ್ಯೂಟ್ರಲ್. ಹಳೇ ಡ್ರೂಯಿಡ್ ನಿಯಮ ಓದಿಕೊಂಡು ಕೆಲವರು 'ಸಮತೋಲ ಕಾಯಬೇಕು, ಇವತ್ತು ಒಬ್ಬನನ್ನು ಉಳಿಸಿದೆ, ನಾಳೆ ಒಬ್ಬನನ್ನು ಕೊಲ್ಲಬೇಕು' ಅನ್ನುತ್ತಾರೆ. ತಕ್ಕಡಿ ಹಿಡಿದುಕೊಂಡು ಯಾರೂ ಹಾಗೆ ಬದುಕುವುದಿಲ್ಲ. ತೂಬಿನ ಕೀಲಿ ಅಜ್ಜಿ ಕೈಗೇ ಕೊಟ್ಟು ಪಕ್ಕದ ಊರಿನ ನಾಟಕ ನೋಡಲು ಹೊರಟುಹೋಗುವವರು ಕೇಯಾಟಿಕ್ ನ್ಯೂಟ್ರಲ್. ಇವರಿಗೆ ಬೇಕಾದ್ದು ತಮ್ಮ ಬಿಡುಗಡೆ. ಗುಂಪಿನ ಗಾಡಿ ಮಾರುವುದು ಇದರಲ್ಲಿ ಎಲ್ಲೂ ಬರೆದಿಲ್ಲ, ನೋಡಿ.

ಇನ್ನು ಮೂರು. ಲಾಫುಲ್ ಈವಿಲ್ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಅದು ತೂಬು ತೆಗೆಯುತ್ತದೆ. ಮೊದಲು ಪತ್ರ ಬರೆಸಿಕೊಳ್ಳುತ್ತದೆ. ಗದ್ದೆ ಅಡ, ಬಡ್ಡಿ ಇಷ್ಟು, ಇಬ್ಬರು ಸಾಕ್ಷಿ, ಹೆಬ್ಬೆಟ್ಟು. ಎಲ್ಲಾ ಕ್ರಮಬದ್ಧ. ಎರಡು ವರ್ಷದಲ್ಲಿ ಗದ್ದೆ ಅದರದು. ಇಬ್ಬರ ಹತ್ತಿರವೂ ದುಡ್ಡು ತೆಗೆದುಕೊಂಡು ಜಾಸ್ತಿ ಕೊಟ್ಟವರಿಗೆ ನೀರು ಬಿಟ್ಟರೆ ನ್ಯೂಟ್ರಲ್ ಈವಿಲ್. ಏರಿಯನ್ನೇ ಒಡೆದು, ಕೆಳಗಿನ ಊರು ಮುಳುಗುವುದನ್ನು ಕೂತು ನೋಡಿದರೆ ಕೇಯಾಟಿಕ್ ಈವಿಲ್. ಈ ಕೊನೆಯದನ್ನು ಆಟಗಾರರಿಗೆ ನಾನು ಕೊಡುವುದಿಲ್ಲ. ಡಿಎಂ ಕೈಯಲ್ಲಿರುವ ರಾಕ್ಷಸರಿಗೆ ಅದು ಸರಿ.

ಉತ್ತರ ಎರಡು ಮನೆಗಳ ನಡುವೆ ಬಂದರೆ ಪ್ರಶ್ನೆ ಸ್ವಲ್ಪ ಬದಲಿಸಿ. ಅಜ್ಜಿಯ ಜಾಗದಲ್ಲಿ ನಿಮ್ಮ ಪಾತ್ರಕ್ಕೆ ಆಗದವರನ್ನು ನಿಲ್ಲಿಸಿ. ಆಗಲೂ ಅದೇ ಉತ್ತರ ಬರುತ್ತದಾ ನೋಡಿ. ಗುಡ್ ಮತ್ತು ನ್ಯೂಟ್ರಲ್ ಬೇರೆಯಾಗುವುದು ಇಲ್ಲೇ.

ಎರಡು ವಾಕ್ಯ ಬರೆಯಿರಿ

ಈಗಲೂ ಖಾನೆ ತುಂಬಬೇಡಿ. ಪಾತ್ರದ ವಿವರ ಬರೆಯುವ ಶೀಟಿನ ಹಿಂದೆ ಎರಡು ವಾಕ್ಯ ಬರೆಯಿರಿ. ಒಂದು: ಏನೇ ಆದರೂ ಈ ಪಾತ್ರ ಏನು ಮಾಡುವುದಿಲ್ಲ? ಎರಡು: ಆ ಮಾತನ್ನು ಯಾರಿಗಾಗಿ ಮುರಿಯಬಹುದು?

ನಮ್ಮ ಗುಂಪಿನ ಒಬ್ಬಳ ಊರು ತಿಪಟೂರು. ಕೊಬ್ಬರಿ ಹರಾಜಿಗೆ ಹೆಸರಾದ ಊರು. ಅವಳು ಮಾಡಿದ ಪಾತ್ರ ಒಬ್ಬ ರೇಂಜರ್ (ಕಾಡು ಬಲ್ಲ ಬೇಟೆಗಾರ್ತಿ), ಮೊದಲು ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುತ್ತಿದ್ದವಳು. ಅವಳು ಬರೆದ ಮೊದಲ ವಾಕ್ಯ: 'ತೂಕದಲ್ಲಿ ಮೋಸ ಮಾಡಲ್ಲ.' ಎರಡನೆಯದು: 'ತಮ್ಮನಿಗಾಗಿ ಮಾಡಬಹುದೇನೋ, ಗೊತ್ತಿಲ್ಲ.' ಅಷ್ಟೇ. ಎರಡು ಪುಟದ ಪೂರ್ವಕಥೆ ಇಲ್ಲ, ಸುಟ್ಟ ಹಳ್ಳಿ ಇಲ್ಲ, ಸತ್ತ ಅಪ್ಪ ಅಮ್ಮ ಇಲ್ಲ.

ಈ ಪಾತ್ರ ಜಮೀನ್ದಾರನ ಮನೆಗೆ ಕನ್ನ ಹಾಕುತ್ತದೆ, ಕಾವಲುಗಾರನಿಗೆ ಸುಳ್ಳು ಹೇಳುತ್ತದೆ, ಸುಂಕ ತಪ್ಪಿಸುತ್ತದೆ. ಕೇಯಾಟಿಕ್ ಗುಡ್ ಅನ್ನುವುದರಲ್ಲಿ ಸಂಶಯವಿಲ್ಲ. ತಕ್ಕಡಿ ಎದುರಿಗೆ ಬಂದರೆ ಮಾತ್ರ ಕಲ್ಲಿನ ಹಾಗೆ ನಿಲ್ಲುತ್ತದೆ. ಆ ಒಂದು ವಿಷಯದಲ್ಲಿ ಅವಳು ಲಾಫುಲ್. ಹೀಗೆ ಒಂದು ಕಡೆ ಗೆರೆ ದಾಟಿದ ಪಾತ್ರಗಳೇ ನೆನಪಲ್ಲಿ ಉಳಿಯುತ್ತವೆ. ಡಿಎಂಗೂ ಸುಲಭ. ನಾನು ಸುಮ್ನೆ ಒಂದು ತಕ್ಕಡಿ ತಂದಿಟ್ಟರೆ ಸಾಕು, ಅವತ್ತಿನ ಆಟ ತಾನೇ ನಡೆಯುತ್ತದೆ.

ಮೊದಲ ವಾಕ್ಯ 'ಕೆಟ್ಟದ್ದು ಮಾಡಲ್ಲ' ಅನ್ನುವಷ್ಟು ದೊಡ್ಡದಾದರೆ ಕೆಲಸಕ್ಕೆ ಬಾರದು. 'ಮಲಗಿದವರ ಮೇಲೆ ಕತ್ತಿ ಎತ್ತಲ್ಲ', 'ಉಂಡ ಮನೆಗೆ ಎರಡು ಬಗೆಯಲ್ಲ', 'ಸತ್ತವರ ಮೈಮೇಲಿನ ಒಡವೆ ಮುಟ್ಟಲ್ಲ', ಹೀಗೆ ಕೈಗೆ ಸಿಗುವಂತಿರಲಿ.

ಗುಂಪಿನ ಜೊತೆ ಕೂತು ನೋಡಿ

ಆಟ ಶುರುವಾಗುವ ಮುಂಚಿನ ಭೇಟಿಯಲ್ಲಿ, ನಾವು ಅದಕ್ಕೆ ಸೆಷನ್ ಝೀರೋ ಅನ್ನುತ್ತೇವೆ, ಎಲ್ಲರೂ ತಮ್ಮ ಮೊದಲ ವಾಕ್ಯ ಓದಲಿ. ಎರಡನೆಯದು ಗುಟ್ಟಾಗಿರಲಿ, ಡಿಎಂಗೆ ಮಾತ್ರ ತೋರಿಸಿ. ಎಲ್ಲಿ ಇಬ್ಬರು ಡಿಕ್ಕಿ ಹೊಡೆಯುತ್ತಾರೆ ಅಂತ ಆಗಲೇ ಕಾಣುತ್ತದೆ. ಡಿಕ್ಕಿ ಇರಲಿ, ಅದರಲ್ಲೇ ಮಜಾ. ಆದರೆ ಇಬ್ಬರೂ ಒಂದೇ ಗುಂಪಿನಲ್ಲಿ ಉಳಿಯಲು ಒಂದು ಕಾರಣ ಬೇಕು. ಸಾಲವೋ, ನೆಂಟಸ್ತನವೋ, ಇಬ್ಬರಿಗೂ ಒಬ್ಬನೇ ಶತ್ರುವೋ.

ಈವಿಲ್ ಪಾತ್ರ ಆಡಲೇಬೇಕು ಅಂತ ಆಸೆಯಿದ್ದರೆ ನಾನು ಕೇಳುವುದು ಒಂದೇ. ಈ ಗುಂಪಿನಲ್ಲಿ ನೀನು ಯಾವತ್ತೂ ಕೈಬಿಡದವರು ಯಾರು? ಹೆಸರು ಹೇಳಿದರೆ ಆಡಲಿ. ಹೇಳದಿದ್ದರೆ ಬೇಡ.

ಮತ್ತೆ ಆ ಹಳೇ ನೆಪ. 'ನಾನೇನು ಮಾಡಲಿ, ನನ್ನ ಕ್ಯಾರೆಕ್ಟರ್ರೇ ಹಂಗೆ.' ಅಣ್ಣಾ, ಆ ಕ್ಯಾರೆಕ್ಟರ್ ಮಾಡಿದ್ದು ನೀನೇ. ಎತ್ತಿನ ಗಾಡಿ ಪ್ರಕರಣದಲ್ಲಿ ಪ್ಯಾಲಡಿನ್ ಕಡೆಯೂ ಅದೇ ತಪ್ಪಿತ್ತು. ತನ್ನ ಕಟ್ಟುಪಾಡನ್ನು ತಾನು ಪಾಲಿಸುವುದು ಬಿಟ್ಟು ಉಳಿದವರಿಗೆ ಪೊಲೀಸ್ ಆಗಿದ್ದ.

ಇದರ ಜೊತೆಗೇ ಇನ್ನೊಂದು ಮಾತು. ಮನೆಯವರು ಕೇಳಿಸಿಕೊಳ್ಳುತ್ತಾರೆ. ಒಂದು ಭಾನುವಾರ ನಮ್ಮ ದೊಡ್ಡಮ್ಮ ಕಾಫಿ ತಂದಿಟ್ಟು ಅಲ್ಲೇ ನಿಂತರು.

"ಏನ್ರೋ ಇದು, ಒಬ್ಬ ಕಳ್ಳ ಅಂತೆ, ಒಬ್ಬಳು ವಿಷ ಹಾಕ್ತಾಳಂತೆ?"

"ಆಟ ದೊಡ್ಡಮ್ಮ, ಪಾತ್ರ ಅಷ್ಟೆ."

"ಪಾತ್ರಾನಾ? ಹಂಗನ್ನು ಮತ್ತೆ. ನಿಮ್ಮ ತಾತ ಇಪ್ಪತ್ತು ವರ್ಷ ದುಶ್ಶಾಸನನ ವೇಷ ಹಾಕಿದ್ರು. ಮನೇಲಿ ಒಂದು ದಿನ ದನಿ ಎತ್ತಿದ್ದಿಲ್ಲ."

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಇಲ್ಲಿನದೇ. ಮೂಡಲಪಾಯ ಯಕ್ಷಗಾನ ಈ ಕಡೆ ಹಳ್ಳಿಗಳಲ್ಲಿ ಬೆಳಗಿನ ತನಕ ನಡೆಯುತ್ತಿತ್ತು. ರಾತ್ರಿಯೆಲ್ಲಾ ದ್ರೌಪದಿಯ ಸೀರೆ ಎಳೆದವರು ಬಣ್ಣ ತೊಳೆದುಕೊಂಡು ಭೀಮನ ಪಕ್ಕ ಕೂತು ಟೀ ಕುಡಿಯುತ್ತಿದ್ದರು. ಕೆಟ್ಟ ಪಾತ್ರ ಆಡಲು ಹೆದರುವ ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ.

ಈಗ ಬರೆಯಿರಿ, ಪೆನ್ಸಿಲಲ್ಲಿ

ಖಾನೆ ತುಂಬಿ. ಮೂರು ಸೆಷನ್ ಆಡಿ. ಪ್ರತಿ ಸೆಷನ್ ಆದಮೇಲೆ ನಿಮ್ಮ ಪಾತ್ರ ತೆಗೆದುಕೊಂಡ ಒಂದು ದೊಡ್ಡ ತೀರ್ಮಾನ ಮಾತ್ರ ಶೀಟಿನ ಹಿಂದೆ ಒಂದು ಸಾಲಿನಲ್ಲಿ ಬರೆದಿಡಿ. ಮೂರು ಸಾಲು ಆದಮೇಲೆ ಓದಿ. ಖಾನೆಯಲ್ಲಿ ಇರುವುದಕ್ಕೂ ಈ ಸಾಲುಗಳಿಗೂ ಹೊಂದಿಕೆಯಾಗದಿದ್ದರೆ ಖಾನೆಯನ್ನು ಅಳಿಸಿ. ನೀವು ಆಡಿದ್ದು ನಿಜ, ಬರೆದದ್ದು ಅಂದಾಜು.

ಒಂದು ಸಲ ಎಡವಿದ್ದಕ್ಕೆ ಅಲೈನ್‌ಮೆಂಟ್ ಬದಲಿಸಬೇಡಿ. ಒಳ್ಳೆಯವರೂ ಸಿಟ್ಟಿನಲ್ಲಿ ಕೈ ಎತ್ತುತ್ತಾರೆ. ಆಮೇಲೆ ಏನು ಮಾಡುತ್ತಾರೆ ಅಂತ ನೋಡಬೇಕು. ಅದೇ ಮತ್ತೆ ಮತ್ತೆ ಆಗುತ್ತಿದ್ದರೆ ಡಿಎಂ ಅವರನ್ನು ಪಕ್ಕಕ್ಕೆ ಕರೆದು ಮಾತಾಡಿ. ಎಲ್ಲರೆದುರು ಬೇಡ. ಡಿಎಂ ಆದವರು ಕೂಡ 'ನೀನು ಈಗ ಈವಿಲ್ ಆದೆ' ಅಂತ ಆಟದ ನಡುವೆ ತೀರ್ಪು ಕೊಡಬಾರದು. ನಾನು ಒಂದು ಸಲ ಕೊಟ್ಟು, ಅವತ್ತಿನ ಆಟವನ್ನೇ ಹಾಳು ಮಾಡಿದ್ದೆ.

ಪ್ರಾಣಿಗಳಿಗೆ ಈ ತಲೆನೋವಿಲ್ಲ. ಐದನೇ ಆವೃತ್ತಿಯಲ್ಲಿ ನಾಯಿ, ಕುದುರೆ, ಕರಡಿಗೆಲ್ಲ 'ಅನ್‌ಅಲೈನ್ಡ್' ಅಂತಲೇ ಇದೆ. ಸರಿ ತಪ್ಪು ಯೋಚಿಸುವ ಬುದ್ಧಿ ಅವಕ್ಕಿಲ್ಲ ಅಂತ ಲೆಕ್ಕ. ನಿಮ್ಮ ಪಾತ್ರ ಸಾಕಿದ ನಾಯಿಗೆ ಲಾಫುಲ್ ಗುಡ್ ಬರೆಯಲು ಹೋಗಬೇಡಿ. ನಮ್ಮಲ್ಲಿ ಒಬ್ಬ ಅದರ ಮೇಲೆ ಅರ್ಧ ಗಂಟೆ ವಾದ ಮಾಡಿದ್ದ.

ತಿಪಟೂರಿನವಳ ರೇಂಜರ್ ಈಗ ಹನ್ನೊಂದನೇ ಸೆಷನ್‌ನಲ್ಲಿದ್ದಾಳೆ. ಹೋದ ತಿಂಗಳು ನಾನು ಕೊನೆಗೂ ತಮ್ಮನನ್ನು ತಂದೆ. ಬೆಟ್ಟದ ಕೋಟೆಯೊಂದರಲ್ಲಿ ಸೆರೆ. ಬಿಡಿಸಬೇಕಾದರೆ ಕೋಟೆಯ ಉಗ್ರಾಣದಲ್ಲಿ ಒಂದೇ ಒಂದು ದಿನ ಸುಳ್ಳು ತೂಕ ಹಾಕಬೇಕು. ಕೆಳಗಿನ ಹಳ್ಳಿಯವರಿಗೆ ಆ ದಿನ ರಾಗಿ ಕಡಿಮೆ ಹೋಗುತ್ತದೆ. ಅವಳು ಇಪ್ಪತ್ತು ನಿಮಿಷ ದಾಳ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಆಮೇಲೆ ತೂಕದ ಕಲ್ಲು ಬದಲಿಸಿದಳು. ರಾತ್ರಿ ತಮ್ಮನನ್ನು ಕರೆದುಕೊಂಡು ಅದೇ ಹಳ್ಳಿಗೆ ಹೋಗಿ, ಮನೆ ಮನೆ ಮುಂದೆ ತನ್ನ ಪಾಲಿನ ರಾಗಿ ಸುರಿದು ಬಂದಳು. ಸಾಲಲಿಲ್ಲ. ಎರಡು ಮನೆ ಉಳಿದವು.

ಅವಳ ಶೀಟಿನಲ್ಲಿ ಆ ಖಾನೆಯನ್ನು ಉಜ್ಜಿ ಉಜ್ಜಿ ಕಾಗದ ತೂತಾಗಿದೆ. ಈಗ ಅಲ್ಲಿ ಸೆಲ್ಲೋಟೇಪ್ ಅಂಟಿಸಿಕೊಂಡಿದ್ದಾಳೆ. ಪೆನ್ಸಿಲ್ ಅದರ ಮೇಲೆ ಹಿಡಿಯುವುದಿಲ್ಲ.